ಅಂದು ಸ್ಟೋವ್ ಸಿಡಿಯಿತು, ಇಂದು ಕಂಪ್ಯೂಟರ್ ಮಾಡಿತು



ನಿಮ್ಮಲ್ಲಿ ಐವತ್ತು ದಾಟಿದವರಿಗೆ ನೆನಪಿರಬೇಕು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಸುಟ್ಟು ಸತ್ತರೆ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬರುತ್ತಿತ್ತು: ಸ್ಟೋವ್ ಸಿಡಿದು ಗೃಹಿಣಿ ಸಾವು. ಠಾಣೆಯ ದಾಖಲೆಯಲ್ಲೂ ಎಷ್ಟೋ ಸಲ ಅದೇ: ಆಕಸ್ಮಿಕ. ಎಂಥ ಜಾಣ ಸ್ಟೋವ್ ಅದು! ಅತ್ತೆ ಹಚ್ಚಿದರೆ ಸಿಡಿಯದು, ನಾದಿನಿ ಹಚ್ಚಿದರೆ ಸಿಡಿಯದು, ತವರಿನಿಂದ ಸ್ಕೂಟರಿನ ಹಣ ತರದ ಸೊಸೆ ಹತ್ತಿರ ಬಂದಾಗ ಮಾತ್ರ ಸಿಡಿಯುತ್ತಿತ್ತು. ಸೀಮೆಎಣ್ಣೆ ಸುರಿದ ಕೈ ಯಾರದು ಎಂದು ಹೆಂಗಸರು ಬೀದಿಗಿಳಿದು ಕೇಳಿದರು. 1983ರಲ್ಲಿ 498-ಎ ಬಂತು, 1986ರಲ್ಲಿ 304-ಬಿ ಬಂತು. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಅದಕ್ಕೆ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತೆಂದು ತೋರಿಸಿದರೆ, ಹಿಂಸಿಸಿದ ಗಂಡ ಅಥವಾ ಅವನ ಕಡೆಯವರೇ ಸಾವಿಗೆ ಕಾರಣರೆಂದು ಕಾನೂನು ಭಾವಿಸುತ್ತದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೇ 85 ಮತ್ತು 80ನೇ ಕಲಮುಗಳು.

ಈ ಹಳೆಯ ಮಾತನ್ನು ತೆಗೆದದ್ದೇಕೆಂದರೆ, ಸ್ಟೋವಿನ ಜಾಗಕ್ಕೆ ಈಗ ಇನ್ನೊಂದು ಯಂತ್ರ ಬಂದು ಕೂತಿದೆ. ಕೃತಕ ಬುದ್ಧಿಮತ್ತೆ, ಎಲ್ಲರ ಬಾಯಲ್ಲಿ ಎ.ಐ. ಒಬ್ಬಳ ಮುಖವನ್ನು ಇನ್ನೊಬ್ಬಳ ಬೆತ್ತಲೆ ಮೈಗೆ ಅಂಟಿಸಿದ ಚಿತ್ರ ಊರೆಲ್ಲ ಸುತ್ತಿದರೆ, ಅದು ಎ.ಐ. ಮಾಡಿದ್ದು ಬಿಡಿ, ಯಾರೇನು ಮಾಡಲಾಗುತ್ತದೆ ಎನ್ನುತ್ತಾರೆ. ಯಂತ್ರ ತಾನಾಗಿ ಎದ್ದು ಕೂತು ನಮ್ಮ ಹುಡುಗಿಯ ಫೋಟೋ ಹುಡುಕಿತೇ?

2019ರಲ್ಲಿ ಡೀಪ್‌ನ್ಯೂಡ್ ಎಂಬ ತಂತ್ರಾಂಶ ಹೊರಬಂತು. ಬಟ್ಟೆ ತೊಟ್ಟ ಹೆಣ್ಣಿನ ಫೋಟೋ ಕೊಟ್ಟರೆ ಬೆತ್ತಲೆ ಮಾಡಿ ಕೊಡುವುದು ಅದರ ಕೆಲಸ. ಗಂಡಸಿನ ಫೋಟೋ ಕೊಟ್ಟರೂ ಹೆಣ್ಣಿನ ಅಂಗವನ್ನೇ ಮೂಡಿಸುತ್ತಿತ್ತು! ಏಕೆಂದರೆ ಅದಕ್ಕೆ ಉಣಿಸಿದ್ದೇ ಹೆಂಗಸರ ಚಿತ್ರಗಳನ್ನು. ಗಲಾಟೆಯಾದ ಮೇಲೆ ಮಾಡಿದವರೇ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. ಆದರೆ ಯಾವ ಚಿತ್ರ ಉಣಿಸಬೇಕು, ಯಾರಿಗೆ ಮಾರಬೇಕು ಎಂದು ಕೂತು ತೀರ್ಮಾನಿಸಿದವರು ಮನುಷ್ಯರೇ ತಾನೆ?

2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣನವರ ಮುಖವನ್ನು ಬೇರೊಬ್ಬ ಹೆಣ್ಣುಮಗಳ ವಿಡಿಯೋಗೆ ಅಂಟಿಸಿ ಹರಿಯಬಿಟ್ಟರು. ದೇಶವೇ ಮಾತಾಡಿತು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದ ಯುವಕನೊಬ್ಬನನ್ನು ಬಂಧಿಸಿದರು. ಅವನ ಉದ್ದೇಶವೆಂದು ಪೊಲೀಸರು ಹೇಳಿದ್ದು, ಇನ್‌ಸ್ಟಾಗ್ರಾಮಿನಲ್ಲಿ ತನ್ನ ಹಿಂಬಾಲಕರನ್ನು ಹೆಚ್ಚಿಸಿಕೊಳ್ಳುವುದು. ಅಷ್ಟಕ್ಕೆ! ನಟಿಗೆ ಎರಡು ತಿಂಗಳಲ್ಲಿ ಆರೋಪಿ ಸಿಕ್ಕಿದ. ಗಂಡನ ಮನೆ ಬಿಟ್ಟು ಬಂದು ತವರಿನ ಜಗಲಿಯಲ್ಲಿ ಬೀಡಿ ಕಟ್ಟುವವಳಿಗೆ? ಕೇಸು ವಾಪಸು ತೆಗೆ, ಇಲ್ಲವಾದರೆ ನಿನ್ನ ಊರಿನ ಗ್ರೂಪಿಗೆ ಕಳಿಸುತ್ತೇನೆ ಎಂದು ಬೆದರಿಸಲು ಅವನಿಗೆ ಈಗ ಬೇಕಾದ್ದು ಮದುವೆ ಆಲ್ಬಮ್ಮಿನ ಒಂದು ಫೋಟೋ ಮತ್ತು ಒಂದು ಮೊಬೈಲು.

ಇದಕ್ಕೆ ಹಿರಿಯರು ಕೊಡುವ ಪರಿಹಾರ ಕೇಳಿದರೆ ಮೈ ಉರಿಯುತ್ತದೆ: ಹುಡುಗಿಯರು ಫೋಟೋ ಹಾಕಬಾರದು. ಹುಡುಗಿ ನೋಡಲು ಬರುವ ಮುಂಚೆ ಫೋಟೋ ಕಳಿಸಿ ಎಂದು ಕೇಳುವವರು ಯಾರು ಸ್ವಾಮಿ? ನಿಶ್ಚಿತಾರ್ಥದ ವಿಡಿಯೋ ಮಾಡಿಸಿದವರು ಯಾರು? ಸ್ಟೋವ್ ಸಿಡಿಯುತ್ತಿದ್ದ ಕಾಲದಲ್ಲೂ ನೈಲಾನ್ ಸೀರೆ ಉಡಬೇಡಿ ಎಂದು ನಮಗೇ ಬುದ್ಧಿ ಹೇಳಿದ್ದರು.

ಯಂತ್ರ ಕೆಟ್ಟ ಗಂಡಸರ ಕೈಯಲ್ಲಷ್ಟೇ ಇಲ್ಲ, ಸರ್ಕಾರಗಳ ಕೈಯಲ್ಲೂ ಇದೆ. ಸ್ಪೇನ್ ದೇಶದ ಪೊಲೀಸರು 2007ರಿಂದ ವಿಯೋಜೆನ್ ಎಂಬ ಕಂಪ್ಯೂಟರ್ ಪದ್ಧತಿ ಬಳಸುತ್ತಿದ್ದಾರೆ. ಹೊಡೆತ ತಿಂದು ಬಂದ ಹೆಂಗಸಿಗೆ ಪ್ರಶ್ನೆ ಕೇಳಿ ಉತ್ತರ ತುಂಬಿದರೆ, ಅವಳಿಗಿರುವ ಅಪಾಯ ಎಷ್ಟೆಂದು ಅದು ಲೆಕ್ಕ ಹಾಕಿ ಹೇಳುತ್ತದೆ. ಅದರಿಂದ ಯಾರಿಗೂ ರಕ್ಷಣೆ ಸಿಕ್ಕಿಲ್ಲವೆಂದು ನಾನು ಹೇಳುವುದಿಲ್ಲ. ಆ ಲೆಕ್ಕವನ್ನು ಮೀರಿ ಅಪಾಯ ಹೆಚ್ಚೆಂದು ಬರೆಯುವ ಅಧಿಕಾರ ಪೊಲೀಸರಿಗೆ ಇದೆ; ಬಹುಪಾಲು ಸಲ ಅವರು ಅದನ್ನು ಬಳಸುವುದಿಲ್ಲ. ಅಪಾಯ ಕಡಿಮೆ ಎಂದು ಯಂತ್ರ ಹೇಳಿದ ಮೇಲೆ ಮನೆಗೆ ಹೋದ ಕೆಲವರು ಗಂಡನ ಕೈಯಲ್ಲೇ ಸತ್ತಿದ್ದಾರೆ. ಎದುರು ಕೂತವಳ ಊದಿದ ಮುಖ ನೋಡುವುದು ಬಿಟ್ಟು ಪರದೆ ನೋಡಿದ ಅಧಿಕಾರಿ ಹೊಣೆಯಲ್ಲವೇ? ಇಂಥ ಯಂತ್ರ ನಾಳೆ ನಮ್ಮ ಠಾಣೆಗೂ ಬರಬಹುದು. ಬಂದರೆ, ಇದರ ತೀರ್ಮಾನಕ್ಕೆ ಕೆಳಗೆ ಸಹಿ ಹಾಕುವವರು ಯಾರು ಎಂದು ಕೇಳಿ.

ಕಾನೂನು ಸಾಕಷ್ಟಿಲ್ಲ, ಆದರೆ ಬರಿಗೈಯೂ ಅಲ್ಲ. ಲೈಂಗಿಕ ಚಿತ್ರವನ್ನು ಮೊಬೈಲಿನಲ್ಲಿ ಹರಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67-ಎ ಪ್ರಕಾರ ಅಪರಾಧ. ಅಯ್ಯೋ ನೋಡಿದಿರಾ ಎಂದು ಮುಂದೆ ಕಳಿಸುವ ಪಕ್ಕದ ಮನೆಯ ಅಕ್ಕನೂ ಅದರಲ್ಲಿ ಸಿಕ್ಕಿಬೀಳಬಹುದು. ಬೆದರಿಸುವವನು ಗಂಡನಾದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇದೆ. ಹೆಣ್ಣಿನ ಘನತೆಗೆ ಕುಂದು ತರುವ ಲೈಂಗಿಕ ವರ್ತನೆ ಅದರಲ್ಲಿ ಹಿಂಸೆಯೇ; ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು. ಬೆದರಿಕೆಯ ಮೆಸೇಜನ್ನು ನಾಚಿಕೆಯಿಂದ ಅಳಿಸಬೇಡಿ, ಅದೇ ಸಾಕ್ಷಿ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಎದ್ದು ಹೋಗಬೇಡಿ. ಸೈಬರ್ ಅಪರಾಧಕ್ಕೆ 1930, ಮಹಿಳಾ ಸಹಾಯವಾಣಿಗೆ 181, ಈ ಎರಡು ನಂಬರುಗಳನ್ನು ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಬರೆಸಿ. ಇಂಥ ಚಿತ್ರ ಯಾರ ಮೊಬೈಲಿಗೆ ಬಂದರೂ ಮುಂದೆ ಕಳಿಸುವುದಿಲ್ಲವೆಂದೂ, ಠಾಣೆಗೆ ಹೋಗುವವಳ ಜೊತೆ ಇಬ್ಬರು ಸದಸ್ಯೆಯರು ಹೋಗುವುದೆಂದೂ ಠರಾವು ಮಾಡಿ, ಎಲ್ಲರೂ ಸಹಿ ಹಾಕಿ. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿ.