ಹುಡುಕಿದ್ದಕ್ಕೆ ಕೂಲಿ ಇಲ್ಲ

ಕಾರಿನ ಕೆಳಗೆ ಆಯಿಲ್ ಕಲೆ ಕಂಡು ಸರ್ವಿಸ್ ಸೆಂಟರಿಗೆ ಹೋದರೆ ನಿಮಗೆ ಸಿಗೋದು ಎರಡೇ ಉತ್ತರ. ವಾರಂಟಿ ಇದ್ದರೆ ‘ಇದು ನಾರ್ಮಲ್ ಸಾರ್’. ವಾರಂಟಿ ಮುಗಿದಿದ್ದರೆ ‘ಎಂಜಿನ್ ಕೆಲಸ ಬರುತ್ತೆ ಸಾರ್’. ಅದೇ ಹನಿ, ಅದೇ ಕಪ್ಪು. ದುಡ್ಡು ಯಾರ ಜೇಬಿಂದ ಹೋಗುತ್ತೆ ಅನ್ನೋದು ಮಾತ್ರ ಬದಲಾಗಿದೆ. ‘ಎಲ್ಲಿಂದ ಸೋರ್ತಿದೆ ಅಂತ ಹುಡುಕ್ತೀವಿ, ಒಂದಿನ ಗಾಡಿ ಬಿಟ್ಟು ಹೋಗಿ’ ಅನ್ನೋ ಮೂರನೇ ಉತ್ತರ ನನಗಂತೂ ಅಲ್ಲಿ ಒಮ್ಮೆಯೂ ಸಿಕ್ಕಿಲ್ಲ.

ನನ್ನದು ಹತ್ತು ವರ್ಷದ ಪೆಟ್ರೋಲ್ ಗಾಡಿ, ಎಂಬತ್ತೈದು ಸಾವಿರ ಕಿಲೋಮೀಟರ್ ಓಡಿದೆ. ಬೇಸ್‌ಮೆಂಟಿನ ನೆಲದ ಮೇಲೆ ರೊಟ್ಟಿ ಹಂಚಿನಷ್ಟಗಲ ಕಲೆ ಬಿದ್ದ ಮೇಲೆ ಅಸೋಸಿಯೇಷನ್ನಿನವರು ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದರು. ಕಂಪನಿ ಸರ್ವಿಸ್‌ಗೆ ಬಿಟ್ಟೆ. ಮೊದಲ ಸಲ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಬದಲಾಯಿಸಿದರು. ಮೂರು ವಾರಕ್ಕೆ ಮತ್ತೆ ಕಲೆ. ಎರಡನೇ ಸಲ ಆಯಿಲ್ ಚೇಂಬರ್ ಬಿಚ್ಚಿ ಸಿಲಿಕಾನ್ ಪೇಸ್ಟ್ ಮೆತ್ತಿ ಕೂರಿಸಿದರು. ಮತ್ತೆ ಕಲೆ. ಮೂರನೇ ಸಲ ಸರ್ವಿಸ್ ಅಡ್ವೈಸರ್ ಟ್ಯಾಬ್ಲೆಟ್ಟಿನಲ್ಲಿ ತೋರಿಸಿದ ಎಸ್ಟಿಮೇಟು ಇಪ್ಪತ್ತೆಂಟು ಸಾವಿರದ್ದು: ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, ಇಳಿಸಿದ ಮೇಲೆ ಕ್ಲಚ್ಚೂ ಹಾಕಿಸಿಬಿಡಿ. ‘ಸೀಲೇ ಹೋಗಿದೆ ಅಂತ ಹೇಗೆ ಗೊತ್ತಾಯ್ತು?’ ಅಂದೆ. ‘ಅಲ್ಲೇ ತೊಟ್ಟಿಕ್ತಿದೆಯಲ್ಲ ಸಾರ್.’

ಅಲ್ಲೇ ತೊಟ್ಟಿಕ್ಕುತ್ತಿದೆ! ಹೆಂಚಿನ ಮನೆಯಲ್ಲಿ ಬೆಳೆದ ಯಾರಿಗಾದರೂ ಈ ಮಾತು ಕೇಳಿ ನಗು ಬರಬೇಕು. ಮಳೆಗಾಲದಲ್ಲಿ ನೀರು ನಡುಮನೆಗೆ ಬಿದ್ದರೆ ಒಡೆದ ಹೆಂಚು ನಡುಮನೆಯ ಮೇಲೇ ಇರುತ್ತೆ ಅಂತ ನಮ್ಮೂರಲ್ಲಿ ಯಾರೂ ನಂಬೋದಿಲ್ಲ. ನೀರು ಮೇಲೆಲ್ಲೋ ನುಗ್ಗಿ, ರೀಪು ಹಿಡಿದು ಜಾರಿ, ತನಗೆ ಅನುಕೂಲವಾದ ಕಡೆ ಬೀಳುತ್ತೆ. ಎಂಜಿನ್ ಆಯಿಲೂ ಅಷ್ಟೇ. ಗುರುತ್ವ ಅದನ್ನು ಕೆಳಕ್ಕೆ ಎಳೆಯುತ್ತೆ, ಗಾಡಿ ಓಡುವಾಗ ಗಾಳಿ ಹಿಂದಕ್ಕೆ ತಳ್ಳುತ್ತೆ. ಆದ್ದರಿಂದ ಹನಿ ಬೀಳುವ ಜಾಗ ನೋಡಿ ಪ್ರಯೋಜನವಿಲ್ಲ. ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದು ಅಂತ ನೋಡಬೇಕು. ಆದರೆ ಎಂಟು ತಿಂಗಳ ಜಿಡ್ಡು, ಧೂಳು ಸೇರಿ ಎಂಜಿನ್ನು ಪೂರ್ತಿ ಕರ್ರಗಾಗಿರುವಾಗ ಎಲ್ಲ ಜಾಗವೂ ಒದ್ದೆಯೇ. ಏನು ನೋಡ್ತೀರಿ?

ಅದಕ್ಕೇ ಮೊದಲು ತೊಳೀಬೇಕು. ತಿಪಟೂರಿನ ಕಡೆ ನಮ್ಮ ಹಳ್ಳಿಗೆ ಡೀಸೆಲ್ ಎಂಜಿನ್ ರಿಪೇರಿಗೆ ಬರುತ್ತಿದ್ದ ಫಿಟ್ಟರ್ ಮಾಮ ಸ್ಪ್ಯಾನರ್ ಮುಟ್ಟುವ ಮೊದಲು ಸೀಮೆಎಣ್ಣೆ, ಬನಿಯನ್ ವೇಸ್ಟು ಕೇಳುತ್ತಿದ್ದ. ಉಜ್ಜಿ, ಒರೆಸಿ, ಒಣಗಿಸಿ, ಆಮೇಲೆ ನಮ್ಮಜ್ಜಿಯ ಹತ್ತಿರ ಮುಖಕ್ಕೆ ಹಚ್ಚೋ ಪೌಡರ್ ಇಸಕೊಂಡು ಎಂಜಿನ್ ಮೇಲೆ ಉದುರಿಸೋನು. ಅಜ್ಜಿಗೆ ಇದು ಒಂಚೂರೂ ಇಷ್ಟವಿರಲಿಲ್ಲ. ಎಂಜಿನ್ ಓಡಿಸಿ, ಒಂದು ಬೀಡಿ ಮುಗಿಸಿ ಬಂದು ನೋಡಿದರೆ ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎದ್ದಿರೋದು. ‘ನೋಡಪ್ಪ, ಅದೇ ಬಾಯ್ಬಿಟ್ಟು ಹೇಳ್ತದೆ’ ಅನ್ನೋನು. ಈಗ ಇದೇ ಕೆಲಸಕ್ಕೆ ಆಯಿಲ್ ಜೊತೆ ಬೆರೆಸುವ, ಅತಿನೇರಳೆ ಬೆಳಕಿಗೆ ಹೊಳೆಯುವ ಬಣ್ಣ ಸಿಗುತ್ತೆ, ಅದನ್ನು ನೋಡೋಕೆ ಟಾರ್ಚೂ ಸಿಗುತ್ತೆ. ಬಣ್ಣ ಬರಲಿ, ಪೌಡರೇ ಇರಲಿ, ಕಾಯುವ ತಾಳ್ಮೆ ಮಾತ್ರ ಅಂಗಡಿಯಲ್ಲಿ ಸಿಗೋದಿಲ್ಲ.

ಕೊನೆಗೆ ಈ ತಾಳ್ಮೆ ಕಂಡಿದ್ದು ನಮ್ಮ ಬಡಾವಣೆಯ ಹಿಂದಿನ ಒಂದು ಶೆಡ್ಡಿನಲ್ಲಿ. ಹೊರಗೆ ಬೋರ್ಡೂ ಇಲ್ಲ. ಅಲ್ಲಿಯ ಮೇಸ್ತ್ರಿ ಎಂಜಿನ್ ತಣ್ಣಗಾಗಲು ಬಿಟ್ಟು, ಆಲ್ಟರ್ನೇಟರಿಗೆ, ಏರ್ ಫಿಲ್ಟರಿಗೆ ಪ್ಲಾಸ್ಟಿಕ್ ಕಟ್ಟಿ ತೊಳೆದರು. ಒಣಗಿದ ಮೇಲೆ ಪೌಡರ್ ಹಾಕಿ ಇಪ್ಪತ್ತು ನಿಮಿಷ ಐಡ್ಲಿಂಗ್, ಆಮೇಲೆ ರಿಂಗ್ ರೋಡಿನಲ್ಲಿ ಒಂದು ಸುತ್ತು. ಸಣ್ಣ ಕನ್ನಡಿ ಮತ್ತು ಟಾರ್ಚ್ ಹಿಡಿದು ನೋಡಿದರೆ ಗೆರೆ ಶುರುವಾಗಿದ್ದು ಟ್ಯಾಪೆಟ್ ಕವರಿನ ಹಿಂಬದಿಯ ಮೂಲೆಯಲ್ಲಿ. ಅಲ್ಲಿಂದ ಬ್ಲಾಕಿನ ಬೆನ್ನು ಹಿಡಿದು ಇಳಿದು, ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ ಹನಿಯುತ್ತಿತ್ತು. ಕ್ರ್ಯಾಂಕ್ ಸೀಲ್ ಸೋರಿದರೆ ಹೇಗೆ ಕಾಣುತ್ತೋ ಹಾಗೇ! ಈ ಮೋಸ ಹೊಸದಲ್ಲ. ಮೇಲಿನ ಪ್ಯಾಕಿಂಗ್ ಸೋರಿ, ಕೆಳಗಿನ ಸೀಲಿನ ಮೇಲೆ ಅಪವಾದ ಬರೋದು ಎಂಜಿನ್ ಕೆಲಸದ ಹಳೇ ಕಥೆ.

ಸರಿ, ಪ್ಯಾಕಿಂಗ್ ಹೊಸದಾಗಿ ಹಾಕಿದ್ದರಲ್ಲ, ಮತ್ಯಾಕೆ ಸೋರಿತು? ನನ್ನ ತಕರಾರಿನ ತಿರುಳು ಇರೋದೇ ಇಲ್ಲಿ. ಸೋರುವ ಜಾಗ ಸಿಕ್ಕ ಮಾತ್ರಕ್ಕೆ ಕಾರಣ ಸಿಕ್ಕಂತಲ್ಲ. ಮೇಸ್ತ್ರಿ ಐಡ್ಲಿಂಗಿನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು, ಬಾಯಿಯ ಮೇಲೆ ಒಂದು ಕಾಗದ ಇಟ್ಟರು. ಸರಿಯಿರುವ ಎಂಜಿನ್ನಿನಲ್ಲಿ ಕಾಗದ ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳಬೇಕು. ನಮ್ಮದು ಕಾಗದವನ್ನು ಉಫ್ ಅಂತ ಎತ್ತಿ ಎಸೆಯಿತು.

ಪಿಸ್ಟನ್ ರಿಂಗುಗಳು ಎಷ್ಟೇ ಚೆನ್ನಾಗಿದ್ದರೂ ಉರಿಯುವ ಗ್ಯಾಸು ಅಷ್ಟಿಷ್ಟು ಅವುಗಳನ್ನು ದಾಟಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿದೇ ಇಳಿಯುತ್ತೆ. ಹಿಂದೆ ಅದನ್ನು ಒಂದು ಪೈಪಿನಲ್ಲಿ ರಸ್ತೆಗೇ ಬಿಡುತ್ತಿದ್ದರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದವರು ಹೊಗೆಯ ಕಾಟ ತಾಳಲಾರದೆ, ಆ ಗ್ಯಾಸನ್ನು ಮತ್ತೆ ಎಂಜಿನ್ನಿಗೇ ಎಳೆದು ಸುಡುವ ಪಿಸಿವಿ ವಾಲ್ವನ್ನು ಕಡ್ಡಾಯ ಮಾಡಿದರು. ಈ ವಾಲ್ವು, ಬ್ರೀದರ್ ಪೈಪು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಆಯಿಲನ್ನು ಸಿಕ್ಕ ಸಂದಿಯಿಂದ ಹೊರಕ್ಕೆ ದಬ್ಬುತ್ತೆ. ಹೊಸ ಪ್ಯಾಕಿಂಗ್ ಹಾಕಿದರೆ ಅದೂ ಸೋರುತ್ತೆ. ನಾಳೆ ಇಪ್ಪತ್ತೆಂಟು ಸಾವಿರದ ಸೀಲ್ ಹಾಕಿದರೂ ಒತ್ತಡಕ್ಕೆ ಅದರ ಬೆಲೆ ಗೊತ್ತಾಗೋದಿಲ್ಲ. ಮನೆಯಿಂದ ಮೆಟ್ರೋ ಸ್ಟೇಷನ್ನಿಗೆ ಮೂರು ಕಿಲೋಮೀಟರ್, ಎಂಜಿನ್ ಸರಿಯಾಗಿ ಕಾಯುವುದರೊಳಗೆ ಆಫ್. ಒಳಗಿನ ನೀರಾವಿ ಆರದೆ ಆಯಿಲ್ ಜೊತೆ ಸೇರಿ ಗಸಿ ಕಟ್ಟುವುದು ಇಂಥ ಓಡಾಟದಲ್ಲೇ. ನಮ್ಮ ಪೈಪಿನಲ್ಲಿ ಬೆಣ್ಣೆ ಕಾಯಿಸಿದ ಪಾತ್ರೆಯ ತಳದಲ್ಲಿರುತ್ತಲ್ಲ, ಅಂಥ ಗಸಿ ಇತ್ತು. ವಾಲ್ವನ್ನು ಕಿವಿ ಹತ್ತಿರ ಅಲ್ಲಾಡಿಸಿದರೆ ಟಕಟಕ ಅನ್ನಬೇಕು, ಅದು ಮೂಕವಾಗಿತ್ತು.

ರಿಂಗುಗಳೇ ಸವೆದಿದ್ದರೂ ಕಾಗದ ಹಾರುತ್ತೆ. ಆಗ ಖರ್ಚು ನಿಜಕ್ಕೂ ದೊಡ್ಡದು. ಆದರೆ ಸವೆದ ರಿಂಗು ಸಾಮಾನ್ಯವಾಗಿ ಸೈಲೆನ್ಸರಿನಲ್ಲಿ ನೀಲಿ ಹೊಗೆ ತೋರಿಸುತ್ತೆ, ಕಂಪ್ರೆಷನ್ ಟೆಸ್ಟಿನಲ್ಲಿ ಸಿಕ್ಕಿಬೀಳುತ್ತೆ. ಮೇಸ್ತ್ರಿ ಅದನ್ನೂ ನೋಡಿದರು, ನಾಲ್ಕೂ ಸಿಲಿಂಡರ್ ಸಮವಾಗಿದ್ದವು.

ಸಿಲಿಕಾನ್ ಪೇಸ್ಟಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರೋಲ್ಲ. ಅದು ಕೆಟ್ಟ ವಸ್ತುವಲ್ಲ, ಕೆಲವು ಚೇಂಬರುಗಳಿಗೆ ಕಂಪನಿಯವರೇ ಹಚ್ಚಿ ಕಳಿಸಿರುತ್ತಾರೆ. ಆದರೆ ಚಪಾತಿಗೆ ಜಾಮ್ ಸವರಿದಂತೆ ಸವರಿದರೆ ಒಳಕ್ಕೆ ಉಬ್ಬಿದ ಭಾಗ ಕಿತ್ತು ಆಯಿಲಿಗೆ ಬೀಳುತ್ತೆ, ಪಂಪಿನ ಜಾಲರಿಗೆ ಹೋಗಿ ಕೂರುತ್ತೆ. ಹೊರಗಿನ ಸೋರಿಕೆ ನಿಲ್ಲಿಸಲು ಹೋಗಿ ಒಳಗೆ ಬೇರಿಂಗಿಗೆ ಆಯಿಲೇ ಸಿಗದಂತೆ ಮಾಡುವ ಕೆಲಸ ಇದು. ಬೋಲ್ಟುಗಳನ್ನು ಜೀವ ಹೋಗುವ ಹಾಗೆ ಬಿಗಿಯೋದೂ ಇದೇ ಜಾತಿಯದು: ಕವರ್ ಬಾಗುತ್ತೆ, ಸೋರಿಕೆ ಖಾಯಂ ಆಗುತ್ತೆ.

ಹಾಗಂತ ಆ ಸರ್ವಿಸ್ ಸೆಂಟರಿನ ಹುಡುಗರನ್ನು ಬೈಯೋದು ನ್ಯಾಯವಲ್ಲ. ಐಟಿಐ ಮುಗಿಸಿ ಬಂದ ಹುಡುಗ ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕು ಅಂತ ಲೆಕ್ಕ. ಜಾಬ್ ಕಾರ್ಡಿನಲ್ಲಿ ‘ಬದಲಾಯಿಸು’ ಅನ್ನೋದಕ್ಕೆ ರೇಟಿದೆ. ‘ತೊಳೆದು, ಓಡಿಸಿ, ಕಾದು, ನೋಡು’ ಅನ್ನೋದಕ್ಕೆ ಕಾಲಮ್ಮೇ ಇಲ್ಲ. ಇಲ್ಲದ ಕಾಲಮ್ಮಿನ ಕೆಲಸ ಮಾಡಿ ಅವನು ಬೈಸಿಕೊಳ್ಳಬೇಕೇ?

ಆ ಕಾಲಮ್ ಯಾಕಿಲ್ಲ? ಇದ್ದರೆ ನಾವು ದುಡ್ಡು ಕೊಡೋದಿಲ್ಲ, ಅದಕ್ಕೆ. ‘ಬರೀ ಚೆಕ್ ಮಾಡೋಕೆ ಒಂದೂವರೆ ಸಾವಿರಾನಾ?’ ಅಂತ ಕೌಂಟರಿನಲ್ಲಿ ಜಗಳ ತೆಗೆಯುವವರು ಯಾರು ಸ್ವಾಮಿ? ಕೊರಳಲ್ಲಿ ಕಂಪನಿ ಟ್ಯಾಗ್ ಹಾಕಿಕೊಂಡವರೇ. ಮೂರು ದಿನ ಲಾಗ್ ಓದಿ, ಕೊನೆಗೆ ಒಂದು ಸಾಲು ಕೋಡ್ ಬದಲಾಯಿಸಿದಾಗ ಕ್ಲೈಂಟಿಗೆ ಹೋಗೋದು ಮೂರು ದಿನದ ಬಿಲ್ಲು. ಒಂದು ಸಾಲಿಗೆ ಇಷ್ಟೇನಾ ಅಂತ ಅವನು ಕೇಳಿದರೆ ನಮಗೆ ಅವಮಾನ. ಅದೇ ನಾವು, ಮೆಕ್ಯಾನಿಕ್ಕು ಎರಡು ಗಂಟೆ ಟಾರ್ಚ್ ಹಿಡಿದು ಬಗ್ಗಿ ನೋಡಿ ‘ಒಂದು ಪೈಪ್ ಅಷ್ಟೇ ಸಾರ್’ ಅಂದರೆ, ಪೈಪಿನ ಎಂಆರ್‌ಪಿ ನೋಡ್ತೀವಿ. ಗೇರ್‌ಬಾಕ್ಸ್ ಇಳಿಸಿದವನಿಗೆ ಮಾತಾಡದೆ ಕಾರ್ಡ್ ಉಜ್ಜುತ್ತೀವಿ, ಕಣ್ಣಿಗೆ ಕಾಣುವ ಹಾಗೆ ಏನೋ ಇಳಿಸಿದ್ದಾನಲ್ಲ!

ಇದು ಬರೀ ದುಡ್ಡಿನ ಮಾತಲ್ಲ. ಹನಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿಯ ಅಪಾಯ. ಟೈಮಿಂಗ್ ಬೆಲ್ಟ್ ಇರುವ ಗಾಡಿಯಲ್ಲಿ ಆಯಿಲ್ ಬೆಲ್ಟಿಗೆ ತಾಗಿದರೆ ರಬ್ಬರ್ ಹಾಳು. ಡಿಪ್‌ಸ್ಟಿಕ್ ನೋಡದೆ ತಿಂಗಳುಗಟ್ಟಲೆ ಓಡಿಸಿದರೆ ಎಂಜಿನ್ನೇ ಜಾಮ್. ಇಂಥವನ್ನು ‘ನಾರ್ಮಲ್’ ಅಂದು ಕಳಿಸೋದೂ ತಪ್ಪು, ಹುಡುಕದೆ ಬಿಚ್ಚೋದೂ ತಪ್ಪು.

ಶೆಡ್ಡಿನಲ್ಲಿ ಬಿಲ್ಲಾಗಿದ್ದು ವಾಲ್ವು, ಪೈಪು, ಪ್ಯಾಕಿಂಗು, ಕೂರಿಸಿದ ಕೂಲಿ ಸೇರಿ ಎರಡು ಸಾವಿರದ ಇನ್ನೂರು. ಸಾಮಾನು ಜೆ.ಸಿ. ರಸ್ತೆಯಿಂದ ತಂದಿದ್ದು, ಅದರ ಚೀಟಿಯನ್ನೂ ಪಿನ್ ಮಾಡಿ ಕೊಟ್ಟರು. ‘ಹುಡುಕಿದ್ದಕ್ಕೆ ಎಷ್ಟು?’ ಅಂತ ಕೇಳಿದೆ. ‘ಅದಕ್ಕೆಲ್ಲ ಏನ್ ತಗೊಳ್ಳೋದು ಸಾರ್’ ಅಂದರು. ನಾನು ಬಿಡಲಿಲ್ಲ. ಬಿಲ್ ಪುಸ್ತಕದಲ್ಲಿ ಅದನ್ನು ಏನಂತ ಬರೆಯೋದು ಅಂತ ಅವರಿಗೂ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ ‘ನೋಡಿದ್ದು’ ಅಂತ ಬರೆದು, ಮುಂದೆ ಸಾವಿರ ಅಂತ ಹಾಕಿದರು.