ಸಾಂಬ್ರಾ: ದೊಡ್ಡ ವಿಮಾನ ಬಂದ್ವು, ಹೋದ್ವು, ಸಣ್ಣವು ದಿನಾ ಹಾರ್ತಾವು

ಬೈಲಹೊಂಗಲ: ನೇಸರಗಿ ಮೇಲೆ ಬೆಳಗಾವಿ ಬಸ್ಸು ಹಿಡಿದವರಿಗೆ ಸಾಂಬ್ರಾ ಹೊಸದಲ್ಲ. ಸಂತಿ ಮಾಲು ತರಾಕ ಹೋಗುವ ಅಂಗಡಿಯವರು ವಾರಕ್ಕೊಮ್ಮೆಯಾದರೂ ಆ ಕಾಂಪೌಂಡ್ ನೋಡಿರುತ್ತಾರೆ. ಮಾತು ಮಾತ್ರ ಯಾವಾಗಲೂ ಒಂದೇ: "ಮುಂಬೈಗೆ ವಿಮಾನ ಐತೇನು? ದಿಲ್ಲಿಗೆ ಚಾಲೂ ಆತೇನು?" ಅಲ್ಲಿ ನಿಜವಾಗಿ ನಡೆಯುವ ಕೆಲಸ ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಸಾಂಬ್ರಾ ಹುಟ್ಟಿದ್ದೇ ಪ್ರಯಾಣಿಕರಿಗಾಗಿ ಅಲ್ಲ. 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಬ್ರಿಟಿಷ್ ವಾಯುಪಡೆ ತನ್ನ ಬಳಕೆಗೆ ಇದನ್ನು ಕಟ್ಟಿತು. ಸ್ವಾತಂತ್ರ್ಯದ ನಂತರವೂ ಅದೇ ಗುಣ ಉಳಿಯಿತು. ಭಾರತೀಯ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ ಇಲ್ಲಿಯೇ ಇದೆ. ಈಗ ಅಗ್ನಿವೀರ್ ವಾಯು ಹುಡುಗರು ಕವಾಯತು ಕಲಿಯುವುದೂ ಇಲ್ಲಿಯೇ. ನಾಗರಿಕ ವಿಮಾನಗಳು ಮೇಲೆ ಬಂದು ಸೇರಿಕೊಂಡ ಬಾಡಿಗೆದಾರರಿದ್ದಂತೆ.

ಆ ಬಾಡಿಗೆದಾರರ ಕಥೆ ನಮಗೆಲ್ಲ ಗೊತ್ತು. 2017ರ ಸೆಪ್ಟೆಂಬರ್ 14ರಂದು ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ರನ್‌ವೇ 2,300 ಮೀಟರ್‌ಗೆ ಉದ್ದವಾಯಿತು. ಒಂದು ವರ್ಷವೂ ತುಂಬಿರಲಿಲ್ಲ, 2018ರ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ತನ್ನ ವಿಮಾನಗಳನ್ನೆಲ್ಲ ಹುಬ್ಬಳ್ಳಿಗೆ ಒಯ್ದುಬಿಟ್ಟಿತು. ಕಾರಣ ಸರಳ: ಹುಬ್ಬಳ್ಳಿ ಉಡಾನ್ ಯೋಜನೆಯಲ್ಲಿತ್ತು, ಬೆಳಗಾವಿ ಇರಲಿಲ್ಲ. 2019ರಲ್ಲಿ ಉಡಾನ್-3ರಲ್ಲಿ ಹೆಸರು ಬಂದ ಮೇಲೆ ಸ್ಟಾರ್ ಏರ್ ಮತ್ತಿತರರು ಬಂದರು. ಆದರೆ ಉಡಾನ್ ಸಹಾಯಧನ ಒಂದು ಮಾರ್ಗಕ್ಕೆ ಮೂರೇ ವರ್ಷ. ಅದು ಮುಗಿದ ಮೇಲೆ ಸೀಟು ತುಂಬಿದರೆ ವಿಮಾನ, ಇಲ್ಲದಿದ್ದರೆ ಬಂದ್. ಹೊಸ ಅಂಗಡಿಗೆ ಮೂರು ವರ್ಷ ಬಾಡಿಗೆ ಮಾಫಿ ಕೊಟ್ಟಂಗೆ. ನಾಲ್ಕನೇ ವರ್ಷ ಗಿರಾಕಿ ಇದ್ದರಷ್ಟೇ ಬಾಗಿಲು ತೆರೀತದ. 2024ರ ಮಾರ್ಚ್‌ನಲ್ಲಿ ಮತ್ತೊಂದು ಹೊಸ ಟರ್ಮಿನಲ್‌ಗೆ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಅದೇ ದಿನ ಹುಬ್ಬಳ್ಳಿಗೂ ಆಯಿತು, ಅದನ್ನೂ ನೆನಪಿಡಬೇಕು.

ಈ ಗದ್ದಲದಲ್ಲಿ ಸುದ್ದಿಯಾಗದ್ದು ಪೈಲಟ್ ಶಾಲೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ದೇಶದ ಐದು ನಿಲ್ದಾಣಗಳಲ್ಲಿ ಹಾರಾಟ ತರಬೇತಿಗೆ ಜಾಗ ಕೊಟ್ಟಿತು. ಅದರಲ್ಲಿ ಕರ್ನಾಟಕದ್ದು ಎರಡು: ಬೆಳಗಾವಿ, ಕಲಬುರಗಿ. ನಮ್ಮಲ್ಲಿ ರೆಡ್‌ಬರ್ಡ್ ಮತ್ತು ಸಂವರ್ಧನೆ ಎಂಬ ಎರಡು ಸಂಸ್ಥೆಗಳಿಗೆ ಅವಕಾಶ ಸಿಕ್ಕಿತು. ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಅಂದರೆ ಒಬ್ಬ ಹುಡುಗ ಹತ್ತಿ ಇಳಿದು, ಹತ್ತಿ ಇಳಿದು, ಅದೇ ರನ್‌ವೇ ಸುತ್ತ ನೂರಾರು ಸಲ ಗಿರಕಿ ಹೊಡೆಯಬೇಕು. ಮಾರಿಹಾಳ ಕಡೆ ಹೊಲದಾಗ ನಿಂತವರ ತಲೆ ಮೇಲೆ ಗುಂಯ್ ಅನ್ನುವುದು ಇದೇ. ಸೀಟು ತುಂಬಿತೋ ಇಲ್ಲವೋ ಎಂಬ ಚಿಂತೆ ಇದಕ್ಕಿಲ್ಲ, ಹಾಗಾಗಿ ಪ್ರಯಾಣಿಕ ವಿಮಾನಕ್ಕಿಂತ ಇದು ಗಟ್ಟಿ ಆದಾಯ ಎಂಬುದು ನನ್ನ ಅನಿಸಿಕೆ.

ಆದರೆ ಇದಕ್ಕೂ ಬೆಲೆ ಇದೆ. 2023ರ ಮೇ 30ರಂದು ರೆಡ್‌ಬರ್ಡ್‌ನ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ರೋಹಿಣಿ ಮಳೆಗಾಗಿ ಹೊಲ ಹದ ಮಾಡುವ ದಿನಗಳವು. ಹೊಲದಾಗ ಆಳು, ಎತ್ತು ಇದ್ದಿದ್ರೆ? ಅದೇ ವರ್ಷ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಬಾರಾಮತಿ ಬಳಿ ನಾಲ್ಕೇ ದಿನದಲ್ಲಿ ಇದೇ ಸಂಸ್ಥೆಯ ಎರಡು ವಿಮಾನ ಬಿದ್ದವು. ಆಮೇಲೆ ಡಿಜಿಸಿಎ ಅದರ ಎಲ್ಲ ನೆಲೆಗಳ ತರಬೇತಿಯನ್ನೂ ತಡೆಹಿಡಿಯಿತು. ಬಿದ್ದ ಮೇಲೆ ತಪಾಸಣೆ ಸರಿ, ಬೀಳುವ ಮೊದಲಿನ ತಪಾಸಣೆಯ ವರದಿ ಊರಿನ ಪಂಚಾಯ್ತಿಗೂ ತಿಳಿಯಬೇಕಲ್ಲ. ಬೆಳೆ ಹಾಳಾದರೆ ರೈತ ಯಾರ ಬಾಗಿಲು ತಟ್ಟಬೇಕು ಎಂಬುದನ್ನು ಒಂದು ಬೋರ್ಡಿನಲ್ಲಿ ಬರೆದು ಹಾಕಲು ಖರ್ಚೆಷ್ಟು?

ಇನ್ನೊಂದು ಮಾತು ನಮ್ಮ ತಾಲ್ಲೂಕಿನವರಿಗೇ. "ಏರ್‌ಪೋರ್ಟ್ ಹತ್ರ ಸೈಟ್" ಎಂಬ ಪಾಂಪ್ಲೆಟ್ ನೋಡಿ ಅಡ್ವಾನ್ಸ್ ಕೊಡುವ ಮೊದಲು ಎತ್ತರದ ನಿಯಮ ಕೇಳಿ. ನಿಲ್ದಾಣದ ಸುತ್ತ 20 ಕಿ.ಮೀ. ವರೆಗೆ ಬಣ್ಣದ ನಕ್ಷೆ ಇರುತ್ತದೆ. ಯಾವ ಬಣ್ಣದಲ್ಲಿ ಎಷ್ಟು ಎತ್ತರ ಕಟ್ಟಬಹುದು ಎಂದು ಅದರಲ್ಲಿದೆ, ಮೀರಿದರೆ ಪ್ರಾಧಿಕಾರದ ಒಪ್ಪಿಗೆ ಬೇಕು. ಈ ನಿಯಮ ಯಾಕೆ ಅನ್ನುವವರು ಬೆಂಗಳೂರಿನ ಜಕ್ಕೂರು ನೋಡಬೇಕು. ಮೈಸೂರು ಮಹಾರಾಜರು ಕೊಟ್ಟ ಇನ್ನೂರು ಎಕರೆಗೂ ಮಿಕ್ಕ ಜಾಗದಲ್ಲಿ ಅಲ್ಲಿ ಸರ್ಕಾರಿ ಹಾರಾಟ ಶಾಲೆ ನಡೆಯುತ್ತಿತ್ತು. ಪಕ್ಕದಲ್ಲೇ ದೊಡ್ಡ ವಿಮಾನ ನಿಲ್ದಾಣಕ್ಕೆ ಹೋಗುವ ಮೇಲ್ಸೇತುವೆ ಎದ್ದಿತು, ಇಳಿಯುವ ದಾರಿಗೇ ಅದು ಅಡ್ಡವಾಯಿತು. ದೊಡ್ಡ ವಿಮಾನದ ರಸ್ತೆ ಸಣ್ಣ ವಿಮಾನದ ರೆಕ್ಕೆ ಕತ್ತರಿಸಿತು.

ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿದ ನಮ್ಮ ಹುಡುಗ-ಹುಡುಗಿಯರು ಪೈಲಟ್ ತರಬೇತಿಗೆ ಅರ್ಹರು. ಫೀಸು ಮಾತ್ರ ಹತ್ತಾರು ಲಕ್ಷ, ನಾಲ್ಕೆಕರೆ ಸೋಯಾಬೀನ್ ರೈತನಿಗೆ ಅದು ಎಟುಕದ ಮಾತು. ಹೊಸ ಮಾರ್ಗಕ್ಕಾಗಿ ದಿಲ್ಲಿಗೆ ಮನವಿ ಒಯ್ಯುವ ನಮ್ಮ ನಾಯಕರು ಆ ಕಾಗದದಲ್ಲಿ ಜಿಲ್ಲೆಯ ಮಕ್ಕಳಿಗೆ ಹತ್ತು ವಿದ್ಯಾರ್ಥಿವೇತನವನ್ನೂ ಸೇರಿಸಿ ಒಯ್ಯಲಿ.