ಅಚ್ಚಾದುದೆಲ್ಲ ಆಪ್ತವಾಕ್ಯವೇ?

ನನ್ನ ತಂಗಿಯ ಕಿರಿಯ ಮಗಳು ಶುಶ್ರೂಷಾ ವಿದ್ಯಾಲಯದಲ್ಲಿ ಎರಡನೆಯ ವರ್ಷದ ವ್ಯಾಸಂಗ ಮಾಡುತ್ತಿರುವಳು. ಹೋದ ತಿಂಗಳು ರಜೆಗೆಂದು ನಮ್ಮ ಮನೆಗೆ ಬಂದವಳು ಮುಖ ಸಪ್ಪಗೆ ಮಾಡಿಕೊಂಡಿದ್ದಳು. ಕಾರಣವೇನೆಂದು ಕೇಳಲಾಗಿ, "ಮಾವ, ಎಳೆಯ ಮಗುವನ್ನು ಅಂಗಾತ ಮಲಗಿಸಬೇಕೆ, ಬೋರಲು ಮಲಗಿಸಬೇಕೆ ಎಂಬುದನ್ನು ಕುರಿತು ಸಂಶೋಧನ ಲೇಖನಗಳನ್ನು ಹುಡುಕಿ, ತೂಗಿ ನೋಡಿ ಬರೆಯಿರೆಂದು ನಮ್ಮ ಉಪಾಧ್ಯಾಯಿನಿಯವರು ಹೇಳಿದ್ದರು. ಮೊದಲು ಕೈಗೆ ಸಿಕ್ಕಿದ ನಾಲ್ಕನ್ನು ಓದಿ ಬರೆದೆ. ಹಿಂದಿರುಗಿಸಿಬಿಟ್ಟರು. ಅಚ್ಚಾಗಿರುವುದನ್ನೇ ಬರೆದೆನಲ್ಲ, ತಪ್ಪೇನು?" ಎಂದಳು.

ಈ ಮಾತು ನನಗೂ ತಗುಲಿತು. "ಪುಸ್ತಕದಲ್ಲಿದೆ" ಎಂಬ ಒಂದೇ ಮಾತಿನಿಂದ ಎಷ್ಟು ಮಂದಿ ಹುಡುಗರ ಬಾಯಿ ಮುಚ್ಚಿಸಿರುವೆನೋ! ನ್ಯಾಯಶಾಸ್ತ್ರಕಾರರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂದು ನಾಲ್ಕು ಪ್ರಮಾಣಗಳನ್ನು ಹೇಳಿರುವರು. ಶಬ್ದವು ಪ್ರಮಾಣವಾಗಬೇಕಾದರೆ ಹೇಳಿದವನು ಆಪ್ತನಾಗಿರಬೇಕು. ಎಂದರೆ ವಿಷಯವನ್ನು ಇದ್ದಂತೆ ಕಂಡು, ಕಂಡಂತೆ ನುಡಿಯುವವನಾಗಿರಬೇಕು. ಅಚ್ಚಿನ ಮೊಳೆಯಿಂದ ಆ ಗುಣವು ಬರತಕ್ಕದ್ದಲ್ಲ.

ಇಬ್ಬರೂ ಹೊಸದಾಗಿ ಆರಂಭಿಸಿದೆವು. ಮೊದಲು ಪ್ರಶ್ನೆಯನ್ನು ನಾಲ್ಕು ಅಂಗಗಳಾಗಿ ಬಿಡಿಸತಕ್ಕದ್ದು: ಯಾರಿಗೆ, ಯಾವ ಉಪಚಾರ, ಯಾವುದಕ್ಕೆ ಹೋಲಿಸಿ, ಯಾವ ಫಲವನ್ನು ಕುರಿತು. ಇಲ್ಲಿ ವರ್ಷ ತುಂಬದ ಶಿಶುವಿಗೆ, ಅಂಗಾತ ಮಲಗಿಸುವುದು, ಬೋರಲು ಮಲಗಿಸುವುದಕ್ಕೆ ಹೋಲಿಸಿ, ನಿದ್ರೆಯಲ್ಲಿ ಹಠಾತ್ತಾಗಿ ಒದಗುವ ಮರಣವನ್ನು ಕುರಿತು.

ತರುವಾಯ ಹುಡುಕುವುದು. ಇದೊಂದೇ ಮರಣವನ್ನು ಕೆಲವರು 'ಕಾಟ್ ಡೆತ್' ಎಂದೂ, ಕೆಲವರು 'ಕ್ರಿಬ್ ಡೆತ್' ಎಂದೂ ಕರೆದಿರುವರು; ಒಂದನ್ನೇ ಹಿಡಿದು ಹುಡುಕಿದರೆ ಮಿಕ್ಕುದು ತಪ್ಪಿಹೋಗುವುದು. ಅಮರಸಿಂಹನು ಪರ್ಯಾಯಪದಗಳನ್ನು ಒಂದೆಡೆ ಪೋಣಿಸಿಟ್ಟಂತೆ, ಅಮೆರಿಕದ ರಾಷ್ಟ್ರೀಯ ವೈದ್ಯ ಗ್ರಂಥಾಲಯದವರು 1960ರಿಂದ 'ಮೆಶ್' ಎಂಬ ಪದಕೋಶವನ್ನು ನಡೆಯಿಸುತ್ತಿರುವರು. ಅವರದೇ ಆದ ಪಬ್‌ಮೆಡ್ ಎಂಬ ಲೇಖನಸೂಚಿಯನ್ನು 1997ರಿಂದ ಯಾರು ಬೇಕಾದರೂ ಹಣ ತೆರದೆ ನೋಡಬಹುದು. ಶುಶ್ರೂಷೆಗೆಂದೇ ಇರುವ 'ಸಿನಾಲ್' ಸೂಚಿಗೆ ವಿದ್ಯಾಲಯವು ಚಂದಾ ಕಟ್ಟಿರಬೇಕು. ಪರ್ಯಾಯಪದಗಳ ನಡುವೆ 'ಆರ್' ಎಂದು ಹಾಕಿದರೆ ಬಲೆಯು ಅಗಲವಾಗುವುದು. ಬೇರೆ ಬೇರೆ ಅಂಗಗಳ ನಡುವೆ 'ಆಂಡ್' ಎಂದು ಹಾಕಿದರೆ ಕಿರಿದಾಗುವುದು.

ಇನ್ನು ತೂಗುವುದು. ಇದಕ್ಕೆ ಅವಳ ವಿಷಯದಲ್ಲಿಯೇ ಮನಕಲಕುವ ದೃಷ್ಟಾಂತವಿರುವುದು. ಅಮೆರಿಕದ ಡಾಕ್ಟರ್ ಬೆಂಜಮಿನ್ ಸ್ಪಾಕ್ ಅವರ ಶಿಶುಪಾಲನೆಯ ಗ್ರಂಥವು 1946ರಲ್ಲಿ ಹೊರಟು ಲಕ್ಷಾಂತರ ಮನೆಗಳನ್ನು ಸೇರಿತು. ಅದರ 1958ರ ಆವೃತ್ತಿಯಲ್ಲಿ, ಅಂಗಾತ ಮಲಗಿದ ಮಗು ವಾಂತಿ ಮಾಡಿಕೊಂಡರೆ ಉಸಿರು ಕಟ್ಟೀತೆಂದು ಬರೆದಿದ್ದರು. ಇದು ಅನುಮಾನ, ಕೇಳುವುದಕ್ಕೆ ಯುಕ್ತವಾಗಿಯೂ ಇರುವುದು. ಆದರೆ ಎಣಿಸಿ ನೋಡಿದ ಪ್ರತ್ಯಕ್ಷದ ಬೆಂಬಲ ಅದಕ್ಕಿರಲಿಲ್ಲ.

ಇಂತಹ ವಿಷಯದಲ್ಲಿ ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ಪರೀಕ್ಷಿಸುವುದು ಧರ್ಮವಲ್ಲ. ಆದುದರಿಂದ ಮೃತ ಶಿಶುಗಳನ್ನು ಹೇಗೆ ಮಲಗಿಸಿದ್ದರು, ಬದುಕಿರುವುವನ್ನು ಹೇಗೆ ಮಲಗಿಸಿದ್ದರು ಎಂದು ಪಂಡಿತರು ಹೋಲಿಸಿದರು. ಅಂತಹ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಕೂಡಿಸಿ ತೂಗಿದ ಸಮೀಕ್ಷೆಯೊಂದು 2005ರಲ್ಲಿ ಪ್ರಕಟವಾಯಿತು. ಬೋರಲು ಮಲಗಿಸುವುದರ ಅಪಾಯವು 1970ರ ಹೊತ್ತಿಗೇ ಪ್ರಕಟಿತ ಲೇಖನಗಳಲ್ಲಿ ಕಾಣುತ್ತಿತ್ತೆಂದೂ, ಆಗಲೇ ಒಟ್ಟುಗೂಡಿಸಿ ನೋಡಿದ್ದರೆ ಬ್ರಿಟನ್ನಿನಲ್ಲಿಯೇ 10,000ಕ್ಕೂ ಹೆಚ್ಚು ಶಿಶುಗಳು ಉಳಿಯಬಹುದಾಗಿತ್ತೆಂದೂ ಅದು ತೋರಿಸಿತು. ಅಂಗಾತ ಮಲಗಿಸಿರೆಂಬ ಪ್ರಚಾರವು ಅಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ನಡೆಯಿತು. ಮುಂದಿನ ವರ್ಷಗಳಲ್ಲಿ ಈ ಮರಣಗಳು ಅರ್ಧಕ್ಕಿಂತಲೂ ಕಡಮೆಯಾದುವು. ಲೇಖನಗಳು ಇದ್ದುವು, ಹುಡುಕಿ ಕೂಡಿಸಿ ನೋಡುವವರಿರಲಿಲ್ಲ.

ಆದುದರಿಂದ ಪ್ರತಿಯೊಂದು ಲೇಖನವನ್ನೂ ಹೀಗೆ ಪ್ರಶ್ನಿಸತಕ್ಕದ್ದು: ಎಷ್ಟು ಮಂದಿಯನ್ನು ನೋಡಿದರು? ಯಾರೊಡನೆ ಹೋಲಿಸಿದರು? ಬೇರೆ ಕಾರಣಗಳನ್ನು ಗಣಿಸಿದರೆ? ಹಣ ಕೊಟ್ಟವರಾರು? ಅದನ್ನು ಆಮೇಲೆ ಹಿಂತೆಗೆದುಕೊಂಡಿಲ್ಲವಷ್ಟೆ? ದಡಾರ ಮೊದಲಾದ ರೋಗಗಳ ಲಸಿಕೆಗೂ ಆಟಿಸಂ ಎಂಬ ಬೆಳವಣಿಗೆಯ ತೊಡಕಿಗೂ ನಂಟು ಕಟ್ಟಿದ 1998ರ ಲೇಖನವು ನೋಡಿದ್ದುದು 12 ಮಂದಿ ಮಕ್ಕಳನ್ನು ಮಾತ್ರ. ಪ್ರಖ್ಯಾತವಾದ 'ಲ್ಯಾನ್ಸೆಟ್' ಪತ್ರಿಕೆಯೇ ಅದನ್ನು ಅಚ್ಚುಮಾಡಿತ್ತು, 2010ರಲ್ಲಿ ತಾನೇ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಎಷ್ಟೋ ತಾಯಂದಿರು ಹೆದರಿ ಲಸಿಕೆ ಹಾಕಿಸದೆ ಬಿಟ್ಟಿದ್ದರು.

ಚರಕಾಚಾರ್ಯರು ಪರಿಚಾರಕರಿಗೆ ನಾಲ್ಕು ಗುಣಗಳನ್ನು ವಿಧಿಸಿರುವರು: ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ. ಮಕ್ಕಳನ್ನು ಬೋರಲು ಮಲಗಿಸಿದ ತಾಯಂದಿರಲ್ಲಿಯೂ ದಾದಿಯರಲ್ಲಿಯೂ ಅನುರಾಗಕ್ಕೆ ಕೊರತೆಯಿರಲಿಲ್ಲ. ಅವರಿಗೆ ದೊರೆಯದೆ ಹೋದುದು ಮೊದಲನೆಯದು. ಹುಡುಗಿಗೆ ಇಷ್ಟನ್ನು ಹೇಳಿದೆನು. ಅವಳು ಮಾತಾಡದೆ ಎದ್ದುಹೋಗಿ, ಹೊಸ ಹಾಳೆಯೊಂದನ್ನು ತೆಗೆದು, ಮೇಲ್ಗಡೆ ತನ್ನ ಪ್ರಶ್ನೆಯನ್ನು ನಾಲ್ಕು ಸಾಲಾಗಿ ಬರೆದುಕೊಂಡಳು.